ಹಾಗಲಕಾಯಿ ಬಿಟ್ಟವನು

ವೇದಾವತಿ ನದಿಯ ದಂಡೆಯಲ್ಲಿ ಎರಡಂಕಣದ ಒಂದು ಹೆಂಚಿನ ಮನೆ. ಪೂಜ್ಯ ಚಿದಂಬರಮ್ಮ ತಾಯಿಯವರ ಆಶ್ರಮವೆಂದರೆ ಅಷ್ಟೇ. ಗದ್ದುಗೆಯಿಲ್ಲ, ಪಾದಪೂಜೆಯಿಲ್ಲ. ಬೆಳಗಿನ ಜಪ ಮುಗಿದೊಡನೆ ತಾಯಿಯವರು ಈಳಿಗೆಮಣೆಯ ಮುಂದೆ ಕೂತು ಪಂಕ್ತಿಗೆ ತರಕಾರಿ ಹೆಚ್ಚುತ್ತಿದ್ದರು, ದರ್ಶನವೂ ಅಲ್ಲೇ. ಕಾಶಿಗೆ ಹೋದವರು ಮಾಡುವಂತೆ, ಬಂದವರು ತಮಗೆ ಪ್ರಿಯವಾದ ಒಂದನ್ನು ಅವರೆದುರು ಬಿಟ್ಟು ನಮಸ್ಕರಿಸುವುದು ಅಲ್ಲಿಯ ವಾಡಿಕೆ.

ಕಾದಂಬರಿಕಾರ ತಿಪ್ಪೇಶ ಅಲ್ಲಿಗೆ ಬಂದದ್ದು ಭಕ್ತಿಯಿಂದಲ್ಲ, ಅಕ್ಕನ ಕಾಟಕ್ಕೆ. ಕುಡಿತ ಅಂಟಿ ಹನ್ನೊಂದು ವರ್ಷವಾಗಿತ್ತು. ಬದುಕಿನ ಅರ್ಥ ತಿಳಿಯದೆ ಬಾಟಲಿ ಕೆಳಗಿಡಲಾರೆನೆಂದು ಮೂರು ಕಾದಂಬರಿಗಳಲ್ಲಿ ಬರೆದಿದ್ದ, ವಿಮರ್ಶಕರು ಹೊಗಳಿದ್ದರು. ಹೆಂಡತಿ ಅನಸೂಯ ಮಾತ್ರ, ಇನ್ನು ಆಣೆ ಹಾಕಬೇಡಿ, ನಿಮ್ಮ ಮಾತಿನ ಮೇಲೆ ನಿಮಗೇ ನಂಬಿಕೆಯಿಲ್ಲ ಎಂದು ತವರಿಗೆ ಹೊರಟುಹೋಗಿದ್ದಳು. ಅದು ನಿಜವೆಂಬುದೇ ಅವನ ಭಯ.

ತಾಯಿಯವರ ಮುಂದೆ ಅವನು ತನ್ನ ಕುಡಿತದ, ಬದುಕಿನ ಅರ್ಥದ ವಿಚಾರವಾಗಿ ಅರ್ಧ ಗಂಟೆ ಮಾತಾಡಿದ. ಅವರು ಹೂಂಗುಟ್ಟುತ್ತ ಒಂದು ಮೊರ ಹಾಗಲಕಾಯಿ ಹೆಚ್ಚಿ ಮುಗಿಸಿದರು. ಆಮೇಲೆ, "ಏನು ಬಿಡ್ತೀಯಪ್ಪ?" ಎಂದರು.

ತಿಪ್ಪೇಶನಿಗೆ ಕುಚೋದ್ಯ ಹುಟ್ಟಿತು. "ಹಾಗಲಕಾಯಿ ಬಿಟ್ಟೆ ತಾಯಿ. ಚಿಕ್ಕಂದಿನಿಂದ ಮುಟ್ಟಿಲ್ಲ."

ಸುತ್ತ ಕೂತವರು ಹುಬ್ಬು ಗಂಟಿಕ್ಕಿದರು. ತಾಯಿಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಊಟ ಮಾಡಿಕೊಂಡು ಹೋಗೆಂದು ಹೇಳಿದರು.

ಪಂಕ್ತಿಗೆ ಆ ದಿನ ಅನ್ನ, ಮಜ್ಜಿಗೆ ಬಿಟ್ಟರೆ ಇದ್ದದ್ದು ಹಾಗಲಕಾಯಿ ಗೊಜ್ಜು ಒಂದೇ. ಬೆಲ್ಲ, ಹುಣಸೆ, ಹುರಿದ ಎಳ್ಳು ಬೆರೆತ ಘಮಕ್ಕೆ ತಿಪ್ಪೇಶನ ಬಾಯಲ್ಲೂ ನೀರೂರಿತು. ಪಕ್ಕದವರು ಬೆರಳು ಚೀಪುತ್ತಿದ್ದರು. ಬಡಿಸುತ್ತ ಬಂದ ಗೌರಜ್ಜಿ, ತಮಾಷೆಗೆ ಆಡಿದ್ದನ್ನು ದೇವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ಸುಮ್ಮನೆ ತಿನ್ನು ಎಂದು ಸೌಟು ಚಾಚಿದಳು.

ಅವನ ಕೈ ತಾನಾಗಿ ಎಲೆಗೆ ಅಡ್ಡ ಬಂತು. "ಬೇಡಜ್ಜಿ. ಬಿಟ್ಟಿದ್ದೀನಿ."

ಎದುರು ಸಾಲಿನಲ್ಲಿದ್ದ ತಾಯಿಯವರು ತುತ್ತು ನಿಲ್ಲಿಸಿದರು. "ಯಾಕಪ್ಪ ಬೇಡ ಅಂದೆ? ಏನರ್ಥ ಅದಕ್ಕೆ?"

ಎಷ್ಟು ಹುಡುಕಿದರೂ ಅವನಿಗೆ ಅರ್ಥ ಸಿಗಲಿಲ್ಲ. "ಅರ್ಥ ಏನೂ ಇಲ್ಲ ತಾಯಿ. ಮಾತು ಕೊಟ್ಟಿದ್ದೆನಲ್ಲ."

"ಹಾಗಾದ್ರೆ ಮಾತು ಉಳಿಸ್ಕೊಳ್ಳೋಕೆ ಬರುತ್ತೆ ನಿನಗೆ. ನಾಳೆ ಊಟದ ಹೊತ್ತಿನವರೆಗೆ ಇನ್ನೊಂದನ್ನೂ ಬಿಡು."

ತಿಪ್ಪೇಶ ತಲೆ ತಗ್ಗಿಸಿ ಬರೀ ಮಜ್ಜಿಗೆಯಲ್ಲಿ ಉಂಡ. ಆ ದಿನ ಊರಿಗೆ ಹೋಗಲಿಲ್ಲ. ಮೂರನೆಯ ದಿನ ಕೈ ನಡುಗಿ ಲೋಟ ಹಿಡಿಯಲಾಗದಿದ್ದಾಗ ಗೌರಜ್ಜಿ ಬೈಯುತ್ತಲೇ ಗಂಜಿ ಕುಡಿಸಿದಳು. ದಿನಾ ಮಧ್ಯಾಹ್ನ ಅವನು ತಾಯಿಯವರಿಗೆ ಮರುದಿನದ ಮಧ್ಯಾಹ್ನದವರೆಗೆ ಮಾತು ಕೊಡುತ್ತಿದ್ದ.

ಎರಡು ತಿಂಗಳಾದ ಮೇಲೆ ಸುದ್ದಿ ಕೇಳಿ ಅನಸೂಯ ಬಂದಳು. ಅವನು ಆಣೆ ಹಾಕಲಿಲ್ಲ. ನಾಳೆ ಮಧ್ಯಾಹ್ನದವರೆಗೆ ಕುಡಿಯುವುದಿಲ್ಲ, ಅಷ್ಟನ್ನು ಮಾತ್ರ ಹೇಳಬಲ್ಲೆ ಎಂದ.

"ಅಷ್ಟಾದ್ರೆ ನಂಬಬಹುದು" ಎಂದು ಅವಳು ಪಂಕ್ತಿಯಲ್ಲಿ ಅವನ ಪಕ್ಕ ಕೂತಳು.

ತಾಯಿಯವರು ಒಳಗೆ ಕೂಗಿ ಹೇಳಿದರು: "ಇನ್ನೊಂದು ಎಲೆ ಹಾಕ್ರಮ್ಮ."