ನಗಾರಿ ಫಕೀರವ್ವ ಆರಿತು ಅನ್ನಲಿಲ್ಲ

ಹಿಂದಕ, ಎಷ್ಟು ಹಿಂದಕ ಅಂತ ಕೇಳಬ್ಯಾಡ್ರಿ, ಅದು ನಮ್ಮಜ್ಜಿಯ ಅಜ್ಜಿಗೂ ಗೊತ್ತಿದ್ದಿಲ್ಲಂತ, ಒಂದೂರಾಗ ಒಬ್ಬಾಕಿ ಹೆಣಮಗಳಿದ್ಲು. ಊರ ಹೆಸರು ಹುಡೇದಕೊಪ್ಪ, ಅಕಿ ಹೆಸರು ಫಕೀರವ್ವ. ಹತ್ತರ ಬರ್ರಿ, ಕುಂದರ್ರಿ. ನಡುವ ಎದ್ದು ಹೋಗಂಗಿಲ್ಲ ಮತ್ತ! ಈ ಕಥಿಯೊಳಗ ನಡುವ ಎದ್ದು ಹೋಗೋದ ದೊಡ್ಡ ತಪ್ಪು, ಯಾಕಂತ ಮುಂದ ತಿಳಿತೈತಿ.

ಊರ ನಡುವ ಒಂದು ಕಲ್ಲಿನ ಕೋಟೆ. ಕೋಟೆ ಒಳಗ ದೇಸಾಯರ ವಾಡೆ. ಕೋಟೆಗೆ ಒಂದ ಒಂದು ದೊಡ್ಡ ಬಾಗಿಲ, ಅದಕ್ಕ ಅಗಸಿ ಅಂತಿದ್ರು. ಅಗಸಿ ಹೊರಗ ಸುಣ್ಣ ಸುಡೋರು, ಕಂಬಳಿ ನೇಯೋರು, ಬುಟ್ಟಿ ಹೆಣಿಯೋರು, ಅವರೆಲ್ಲಾರ ಗುಡಿಸಲ. ಅಗಸಿ ಬಾಜೂಕ ಒಂದು ಹುಡೇವು, ಅಂದ್ರ ಕಲ್ಲಿಂದ ಕಟ್ಟಿದ ದುಂಡನ್ನ ಎತ್ತರದ ಬುರುಜು. ಅದರ ಮ್ಯಾಗ ಒಂದು ನಗಾರಿ. ಎಷ್ಟು ದೊಡ್ಡ ನಗಾರಿ ಅಂತೀರಿ? ನಮ್ಮಜ್ಜಿ ಹೇಳುವಾಗ ಎಮ್ಮಿ ಕುಂತಷ್ಟು ದೊಡ್ಡದಿತ್ತು. ನಮ್ಮ ದೊಡ್ಡವ್ವ ಹೇಳುವಾಗ ಅದರೊಳಗ ಎಮ್ಮಿನ ಹಿಡಿಸ್ತಿತ್ತು. ಈಗ ಊರಾಗ ಕೇಳಿದ್ರ ಎಮ್ಮಿ, ಕರ ಎರಡೂ ಒಳಗ ನಿಂತು ಮೇವು ತಿಂತಿದ್ವು ಅಂತಾರ!

ಆ ನಗಾರಿ ಬಾರಿಸೋದು ಫಕೀರವ್ವನ ಮನೆತನದ ಕೆಲಸ. ಅವರಪ್ಪ ಬಾರಿಸ್ತಿದ್ದ, ಅವರಜ್ಜ ಬಾರಿಸ್ತಿದ್ದ. ಗಂಡಮಕ್ಕಳು ತೀರಿದ ಮ್ಯಾಲೆ ಕೋಲು ಅಕಿ ಕೈಗೆ ಬಂದ್ವು. ಬಾರಿಸೋದು ಯಾವಾಗ? ಬೆಂಕಿ ಬಿದ್ದಾಗ. ಅಕಿ ಮೂಗು ಎಂಥಾದ್ದು ಅಂದ್ರ, ಹೊಗಿ ವಾಸನಿ ಹಿಡದು, ಇದು ಯಾರದೋ ರೊಟ್ಟಿ ಸೀದದ್ದು, ಇದು ಸೂರು ಹತ್ತಿದ್ದು ಅಂತ ಕುಂತಲ್ಲೇ ಹೇಳ್ತಿದ್ಲಂತ. ಸೊಸಿಯಂದ್ರು ರೊಟ್ಟಿ ಸೀಸಿದ್ರ ಅತ್ತಿಗಿಂತ ಮೊದಲ ಫಕೀರವ್ವಗ ಗೊತ್ತಾಗ್ತಿತ್ತಂತ!

ಈಗ ಕಟ್ಟಳೆ ಹೇಳ್ತೀನಿ, ಇದನ್ನ ಲಕ್ಷ್ಯ ಕೊಟ್ಟು ಕೇಳ್ರಿ, ಇಡೀ ಕಥಿ ಇದರ ಮ್ಯಾಲೆ ನಿಂತೈತಿ. ಆ ಊರಾಗ ಬೆಂಕಿ ಕಟ್ಟಳೆ ಅಂತ ಇತ್ತು. ವರ್ಷಾ ಯುಗಾದಿಗೆ ಅಗಸಿ ಮುಂದ ಡಂಗುರ ಹೊಡಿಸಿ ಸಾರ್ತಿದ್ರು, ಸಣ್ಣ ಕೂಸಿಗೂ ಬಾಯಿಪಾಠ. ನಗಾರಿ ಆದ್ರ ಎಲ್ಲಾರೂ ಓಡಬೇಕು. ಯಾರ ಮನಿ ಅಂತ ಕೇಳಂಗಿಲ್ಲ. ಅಗಸಿ ಮುಚ್ಚಂಗಿಲ್ಲ. ದೇಸಾಯರಾದ್ರೂ ಸೈ, ದನಾ ಕಾಯಾಂವ ಆದ್ರೂ ಸೈ, ಕೈಯಾಗ ನೀರು ಹಿಡಕೊಂಡು ಬರಬೇಕು. ಮತ್ತ ನಗಾರಿ ಬಾರಿಸಿದವರು ತಮ್ಮ ಬಾಯಿಲೆ "ಆರಿತು" ಅನ್ನೋತನಕ ಒಬ್ಬರೂ ಹೊಳ್ಳಿ ಹೋಗಂಗಿಲ್ಲ. ಬೆಂಕಿ ಇಲ್ಲದ ನಗಾರಿ ಬಾರಿಸಿದ್ರ? ಕೋಲು ಕಸಗೊಂಡು ಊರು ಬಿಡಿಸೋದು. ಇಷ್ಟ ಕಟ್ಟಳೆ.

ಇನ್ನೊಂದು ಕಟ್ಟಳೆನೂ ಇತ್ತು, ಕೆಟ್ಟದ್ದು. ಕೋಟೆ ಒಳಗ ಒಬ್ಬರು ವೈದ್ಯರಿದ್ರು, ಸಾಂತಯ್ಯನವರು. ಕೈಗುಣ ಭಾಳ ಚಲೋ. ಅವರ ಅಜ್ಜನ್ನ ದೇಸಾಯರ ಅಜ್ಜ ದೂರದಿಂದ ಕರಸಿ, ಹೊಲಾ ಮನಿ ಕೊಟ್ಟು ಇಟ್ಟಿದ್ರಂತ. ವಾಡೆದಾಗ ಯಾರಿಗಾರ ಹೊಟ್ಟಿ ಕಡದಾಗ ವೈದ್ಯರು ಹೊರಗ ಹೋಗಿದ್ರ ಹೆಂಗ ಅಂತ, ದೇಸಾಯರ ಬಿಲ್ಲೆ ಇಲ್ಲದ ವೈದ್ಯರು ಅಗಸಿ ದಾಟಂಗಿಲ್ಲ ಅಂತ ಮಾಡಿದ್ರು. ಹೊರಗಿನವರಿಗೆ ಜಡ್ಡಾದ್ರ ಮೊದಲ ಚಾವಡಿಗೆ ಬರಬೇಕು, ಕುಲಕರ್ಣಿ ಮುಂದ ಹೇಳಬೇಕು, ಕುಲಕರ್ಣಿ ದೇಸಾಯರಿಗೆ ಹೇಳಬೇಕು, ದೇಸಾಯರು ಉಂಡು ಮಲಗಿ ಎದ್ದ ಮ್ಯಾಲೆ ಒಂದು ಹಿತ್ತಾಳಿ ಬಿಲ್ಲೆ ಕೊಡಬೇಕು. ಅಷ್ಟರಾಗ ಜಡ್ಡು ಸುಮ್ಮನ ಕುಂದರ್ತೈತೇನ್ರಿ?

ಫಕೀರವ್ವಗ ಒಬ್ಬಾಕಿ ಮಗಳಿದ್ಲು, ಕಾಶವ್ವ. ಅಕಿಗೆ ಹಾವು ಕಡೀತು. ಬಿಲ್ಲೆ ಬಂತು. ಬಂದಾಗ ಮಗಳಿಗೆ ಕಡೀ ನೀರು ಹಾಕಾಕತ್ತಿದ್ರು.

ಫಕೀರವ್ವ ಅಳಲಿಲ್ಲ ಅಂತಾರ. ಬಿಲ್ಲೆ ತಂದ ಆಳಿನ ಕೈ ಹಿಡದು ಒಂದ ಮಾತು ಕೇಳಿದ್ಲಂತ, "ತಮ್ಮಾ, ಬೆಂಕಿಗೆ ಬಿಲ್ಲೆ ಯಾಕ ಕೇಳಂಗಿಲ್ಲ?" ಅಂವ ಪಾಪ ತಲಿ ಕೆಳಗ ಹಾಕ್ಕೊಂಡು ಹೋದ.

ಅವತ್ತಿನಿಂದ ಅಕಿಗೆ ಅದ ಒಂದು ಮಾತು ಆತು. ಸೇದೋ ಬಾವಿ ಕಟ್ಟಿಗೆ ಹೋದ್ರ ಅದನ್ನ ಕೇಳೋದು, ಸಂತಿಗೆ ಹೋದ್ರ ಅದನ್ನ ಕೇಳೋದು. ಬೆಂಕಿಗೆ ಬಿಲ್ಲೆ ಯಾಕ ಕೇಳಂಗಿಲ್ಲ? ಮೊದಲ ಮಂದಿ ನಕ್ಕರಂತ. ಆಮ್ಯಾಲೆ, ಹೌದಲಾ, ಯಾಕ ಕೇಳಂಗಿಲ್ಲ ಅಂತ ತಾವ ಒಬ್ಬರಿಗೊಬ್ಬರು ಕೇಳಾಕ ಹತ್ತಿದ್ರಂತ! ವಾಡೆ ಒಳಗ ರೊಟ್ಟಿ ಬಡಿಯೋ ಹೆಣಮಕ್ಕಳೂ ಕೇಳಾಕ ಹತ್ತಿದ್ರು. ಸಂತಿ ಬಂದಾಗೊಮ್ಮೆ ಫಕೀರವ್ವ ಚಾವಡಿಗೆ ಹೋಗಿ ನಿಂದರಾಕಿ. ಅಕಿ ಬರೋದು ಕಂಡ್ರ ಕುಲಕರ್ಣಿ ತಂಬಾಕ ತರ್ತೀನಂತ ಎದ್ದು ಹೋಗ್ತಿದ್ದ. ದೇಸಾಯರು ಕೆಟ್ಟವರಲ್ಲ, ಖರೇ ಹೇಳಬೇಕಂದ್ರ ಅಂಜುಬುರುಕರು. ಮುಂದಿನ ಸಂತಿಗೆ ನೋಡೂಣು ಫಕೀರವ್ವಾ ಅಂತಿದ್ರು. ಮುಂದಿನ ಸಂತಿ ಬರ್ತಿತ್ತು, ಹೋಗ್ತಿತ್ತು.

ಹಿಂಗಿರುವಾಗ ಏನಾತು, ಸುಣ್ಣ ಸುಡೋ ಮುದುಕಪ್ಪನ ಹೆಂಡತಿ ಲಕುಮಿ, ಮೊಲಿ ಕುಡಿಯೋ ಕೂಸು ಇದ್ದಾಕಿ, ಅಕಿ ಕಾಲಿಗೆ ಜಾಲಿ ಮುಳ್ಳು ನಟ್ಟು ಒಳಗ ಮುರೀತು. ಕಾಲು ಬಾತು ಕುಂಬಳಕಾಯಿ ಆತು, ನಂಜು ತೊಡೀಮಟಾ ಏರಿತು, ಮೈ ಒಲಿ ಮ್ಯಾಲಿನ ಹಂಚಿನಂಗ ಸುಡಾಕತ್ತಿತು. ಮುದುಕಪ್ಪ ಹೋಗಿ ಚಾವಡಿ ಮುಂದ ಕೈ ಕಟ್ಟಿ ನಿಂತ. ನಡುಮಧ್ಯಾಹ್ನ. ಕುಲಕರ್ಣಿ ಅಂದ, ಧಣೇರು ಎಣ್ಣಿ ಹಚ್ಚಿಸಿಗೊಳ್ಳಾಕ ಕುಂತಾರ, ನೀರು ಹಾಕ್ಕೊಂಡು, ಉಂಡು, ಒಂದೀಟು ಅಡ್ಡಾಗಿ ಎದ್ದ ಮ್ಯಾಲೆ ಹೇಳ್ತೀನಿ.

ಮುದುಕಪ್ಪ ಹೊಳ್ಳಿ ಬಂದ. ಲಕುಮಿ ಕೂಸಿನ ಗುರುತು ಹಿಡಿಯಲಿಲ್ಲಂತ. ಫಕೀರವ್ವ ಬಾಗಿಲದಾಗ ನಿಂತು ನೋಡಿದ್ಲು. ಅಕಿಗೆ ಕಾಶವ್ವ ಕಂಡ್ಲೋ ಏನೋ, ಅದನ್ನ ಯಾರೂ ಹೇಳಂಗಿಲ್ಲ. ಹೇಳೋದು ಇಷ್ಟ, ಸೆರಗು ಕಟ್ಟಿದ್ಲು, ಹುಡೇವು ಹತ್ತಿದ್ಲು, ಕೋಲು ಹಿಡದ್ಲು.

ಮುಗಲಿನಾಗ ಎಳಿ ಹೊಗಿ ಇಲ್ಲ. ರೊಟ್ಟಿ ಸೀದ ವಾಸನಿ ಸೈತ ಇಲ್ಲ. ಹೊಡದ್ಲು ನೋಡ್ರಿ ನಗಾರಿ!

ಅಬ್ಬಬ್ಬಬ್ಬಾ! ಹೊಳಿ ಆಚೀ ಊರಿನ ಕೊಕ್ಕರಿ ಎದ್ದು ಹಾರಿದ್ವಂತ. ಊರಿಗೆ ಊರ ಓಡೇ ಓಡಿತು. ಹಿಟ್ಟಿನ ಕೈಲೆ ಹೆಣಮಕ್ಕಳು ಕೊಡ ಹೊತ್ತು ಓಡಿದ್ರು, ಅರ್ಧ ಗಡ್ಡಾ ಬೋಳಿಸಿಗೊಂಡಾಂವ ಅರ್ಧ ಗಡ್ಡಾ ಹೊತ್ತು ಓಡಿದ. ದೇಸಾಯರಂತೂ ಮೈತುಂಬ ಹರಳೆಣ್ಣಿ, ಸೊಂಟಕ್ಕ ಒಂದು ಪಂಜೆ, ಕೈಯಾಗ ಒಂದು ಚರಿಗಿ ನೀರು, ಜಾರಿಕೋತ ಓಡಿ ಬಂದ್ರು. ಸಾಂತಯ್ಯನವರೂ ಬಂದ್ರು, ಒಂದು ಕೈಯಾಗ ತಂಬಿಗಿ, ಬಗಲಾಗ ಮದ್ದಿನ ಚೀಲ. ಚೀಲ ಯಾಕ ತಂದ್ರು? ಅವಸರಕ್ಕ ತಂದ್ರು ಅಂತ ಕೆಲವರು, ತಿಳದ ತಂದ್ರು ಅಂತ ಕೆಲವರು. ನನಗಂತೂ ತಿಳದ ತಂದ್ರು ಅನಸ್ತೈತಿ!

ಫಕೀರವ್ವ ಹುಡೇವು ಇಳದು ಮುಂದ ಮುಂದ ನಡದ್ಲು, ಊರೆಲ್ಲಾ ಹಿಂದ. ಲಕುಮಿ ಗುಡಿಸಲ ಮುಂದ ನಿಂತ್ಲು. ಎಲ್ಲಾರೂ ಸೂರು ನೋಡಿದ್ರು, ಗೋಡಿ ನೋಡಿದ್ರು, ಒಬ್ಬರ ಮಾರಿ ಒಬ್ಬರು ನೋಡಿದ್ರು.

"ಎಲ್ಲೈತೆವ್ವಾ ಬೆಂಕಿ?" ಅಂದ್ರು ದೇಸಾಯರು, ತೇಕಿಕೋತ.

ಫಕೀರವ್ವ ಒಳಗ ಕೈ ಮಾಡಿ ತೋರಿಸಿದ್ಲು. ಹಾಸಿಗಿ ಮ್ಯಾಲೆ ಲಕುಮಿ.

ಕುಲಕರ್ಣಿ ಒದರಿದ, ಇದೇನು ಹುಚ್ಚಾಟ, ನಡೀರಿ ಎಲ್ಲಾರೂ, ವೈದ್ಯರ ನೀವು ಮೊದಲ ನಡೀರಿ ಕೋಟೆ ಒಳಗ! ಮಂದಿ ಹೊಳ್ಳಬೇಕು ಅನ್ನೋದರಾಗ ಫಕೀರವ್ವ ಕೋಲು ಎತ್ತಿ ಹಿಡದ್ಲಂತ.

"ನಾ ಇನ್ನೂ ಆರಿತು ಅಂದಿಲ್ಲರೀ."

ನಿಂತ್ರಲಾ ಎಲ್ಲಾರೂ, ನೆಟ್ಟ ಕಲ್ಲಿನಂಗ! ಕಟ್ಟಳೆ ಅಂದ್ರ ಕಟ್ಟಳೆ. ಬಾರಿಸಿದಾಕಿ ಅನ್ನೋತನಕ ಯಾರೂ ಹೋಗಂಗಿಲ್ಲ. ವೈದ್ಯರೂ ಹೋಗಂಗಿಲ್ಲ. ಅಗಸಿ ದಾಟಿ ಬಂದಾಗೇತಿ, ಬಿಲ್ಲೆ ಬೇಕಾಗಿಲ್ಲ. ಸಾಂತಯ್ಯನವರು ದೇಸಾಯರ ಮಾರಿ ನೋಡಿದ್ರು. ದೇಸಾಯರು ಕೈಯಾಗಿನ ಚರಿಗಿ ನೋಡಿದ್ರು. ಆಮ್ಯಾಲೆ ಸಾಂತಯ್ಯನವರು ಬಗ್ಗಿ ಗುಡಿಸಲ ಹೊಕ್ಕರು.

ನೀರಿಗೇನು ಕಡಿಮಿ, ಇಡೀ ಊರ ನೀರು ತಂದು ನಿಂತೈತಿ! ಕಾಸಿದ್ರು, ತೊಳದ್ರು, ಕೊಯ್ದು ಕೀವು ತಗದ್ರು, ಮುರದ ಮುಳ್ಳು ತಗದ್ರು, ಸೊಪ್ಪು ಅರದು ಕಟ್ಟಿದ್ರು, ಕಷಾಯ ಹನಿಹನಿ ಹೊಯ್ದ್ರು. ಹೊರಗ ಮಂದಿ ಬಿಸಲಾಗ ನಿಂತೈತಿ. ದೇಸಾಯರ ಮೈಮ್ಯಾಲಿನ ಎಣ್ಣಿ ಕಾಯ್ದು ಚುರುಚುರು ಅಂತಿತ್ತಂತ. ಪಾಪ ಅಂತ ಬುಟ್ಟಿ ಹೆಣಿಯೋ ಮುದುಕಿ ಒಬ್ಬಾಕಿ ಅವರ ತಲಿ ಮ್ಯಾಲೆ ಮೊರ ಹಿಡದ್ಲಂತ, ನೋಡ್ರಿ ಮತ್ತ!

ಹೊತ್ತು ಇಳದಾಗ ಒಳಗಿಂದ ಲಕುಮಿ ದನಿ ಬಂತು. ಏನಂದ್ಲು ಅಂತೀರಿ? "ಈ ಕೂಸು ಹಸದು ಅಳಾಕತ್ತೈತಿ, ಇವರಪ್ಪ ಎಲ್ಲಿ ಸತ್ತಾನ?" ಮುದುಕಪ್ಪ ಬೈಗಳ ಕೇಳಿ ಕುಣದ್ನಂತ! ಯಾವ ಗಂಡಸೂ ಹೆಂಡತಿ ಬೈದದ್ದಕ್ಕ ಅಷ್ಟು ಕುಣದಿದ್ದಿಲ್ಲಂತ.

ಆವಾಗ ಫಕೀರವ್ವ ಅಂದ್ಲು, ಸಣ್ಣ ದನೀಲೆ. "ಆರಿತು."

ಮರುದಿನ ಚಾವಡಿ ಕೂಡಿತು. ಬೆಂಕಿ ಇಲ್ಲದ ನಗಾರಿ ಬಾರಿಸ್ಯಾಳ, ಊರು ಬಿಡಿಸೋದು ಖರೇನೋ ಸುಳ್ಳೋ, ಅದು ತೀರ್ಮಾನ ಆಗಬೇಕು. ಈ ಊರು ಬಿಟ್ರ ಅಕಿಗೆ ಎಲ್ಲೈತಿ? ಮಗಳನ್ನ ಹುಗದ ಗುಂಡಿ ಸೈತ ಇಲ್ಲೇ ಐತಿ. ಕುಲಕರ್ಣಿ ಎದ್ದು ನಿಂತು, ಬೆಂಕಿ ಒಂದು ಸೂರಿಂದ ಇನ್ನೊಂದು ಸೂರಿಗೆ ಹಾರ್ತೈತಿ, ಅದಕ್ಕ ಎಲ್ಲಾರೂ ಓಡಬೇಕು ಅಂತ ಹಿರೇರು ಮಾಡ್ಯಾರ, ಲಕುಮಿ ಕಾಲಿನ ನಂಜು ನನ್ನ ಕಾಲಿಗೆ ಹಾರ್ತೈತೇನು ಅಂತ ಕೇಳಿದ.

ಮಂದಿಗೂ ಆ ಮಾತು ಖರೇ ಅನಸಿತ್ತು.

ಫಕೀರವ್ವ ಕೇಳಿದ್ಲು, "ಕುಲಕರ್ಣೇರ, ಹ್ವಾದ ಸುಗ್ಗಿಯಾಗ ನಿಮ್ಮ ಹೊಲದಾಗ ಬಣವಿ ಹತ್ತಿತ್ತು. ನಾ ಬಾರಿಸಿದೆ, ಊರು ಓಡಿ ಬಂತು. ಆ ಬಣವಿ ಬಾಜೂಕ ಯಾರ ಮನಿ ಇತ್ತು?"

ಯಾರ ಮನಿನೂ ಇರಲಿಲ್ಲ. ಬಟಾಬಯಲು.

"ಹುಲ್ಲಿಗೆ ಓಡಿ ಬಂದೀವ್ರೀ. ಹುಡುಗಿಗೆ ಓಡಬಾರದೇನು?"

ಕುಲಕರ್ಣಿ ಆಮ್ಯಾಲೆ ಅಂದ್ನಂತ, ಹಂಗಲ್ಲವಾ, ಧಣೇರಿಗೆ ಕರುಣೆ ಐತಿ, ಕೈ ಮುಗದು ಕೇಳಿದ್ರ ಬಿಲ್ಲೆ ಕೊಟ್ಟ ಕೊಡ್ತಾರ. ಆವಾಗ ಫಕೀರವ್ವ ಹೇಳಿದ ಮಾತು ಹುಡೇದಕೊಪ್ಪದಾಗ ಇವತ್ತಿಗೂ ಹೇಳ್ತಾರ. "ಕರುಣೆ ಐತ್ರೀ, ನಾ ಇಲ್ಲ ಅನ್ನಂಗಿಲ್ಲ. ನನ್ನ ಮಗಳಿಗೂ ಕರುಣೆ ಬಂತು, ಹೊತ್ತು ಮೀರಿ ಬಂತು. ಕರುಣೆ ಉಂಡು ಮಲಗಿ ಎದ್ದು ಬರ್ತೈತಿ. ಕಟ್ಟಳೆ ಎಣ್ಣಿ ಮೈಲೆ ಓಡಿ ಬರ್ತೈತಿ. ನಮಗ ಕಟ್ಟಳೆ ಬೇಕು."

ದೇಸಾಯರು ಬಿಸಲಿಗೆ ಬೆಂದ ಭುಜ ಸವರಿಕೊಂಡ್ರು. ಆಮ್ಯಾಲೆ ನೆರದ ಮಂದಿಗೆ ಕೇಳಿದ್ರಂತ, ನಿನ್ನಿ ನೀವೆಲ್ಲಾ ಓಡಿ ಬಂದ್ರಿ, ಸುಮ್ಮನ ಓಡಿ ಬಂದೆ, ಅಲ್ಲೇನೂ ಉಳಿಸೋದು ಇದ್ದಿಲ್ಲ ಅನ್ನಾಂವ ಯಾರಾರ ಇದ್ರ ಎದ್ದು ನಿಂದರ್ರಿ. ಯಾರೂ ಏಳಲಿಲ್ಲ. ಅರ್ಧ ಗಡ್ಡದಾಂವನೂ ಏಳಲಿಲ್ಲ. ಕುಲಕರ್ಣಿ ಏಳಾಕ ಹೋದ, ಅವನ ಹೆಂಡತಿ ಹೆಣಮಕ್ಕಳ ಸಾಲಿನ್ಯಾಗಿಂದ ಒಂದು ಸಲ ಕೆಮ್ಮಿದ್ಲು, ಕುಂತ!

ಅವತ್ತ ಬಿಲ್ಲೆ ಕಟ್ಟಳೆ ಮುರೀತು. ಮನಿ ಹತ್ತಿದ್ರೂ ನಗಾರಿ, ಮನಷ್ಯಾರಿಗೆ ಜಡ್ಡಾದ್ರೂ ನಗಾರಿ, ವೈದ್ಯರಿಗೆ ಅಗಸಿ ಅಡ್ಡ ಇಲ್ಲ, ಯಾರ ಮನಿ ಅಂತ ಕೇಳಂಗಿಲ್ಲ ಅಂತ ದೇಸಾಯರು ಡಂಗುರ ಹೊಡಿಸಿದ್ರು. ಊರು ಬಿಡೋದು ಬ್ಯಾಡ ಫಕೀರವ್ವಾ ಅಂದ್ರು.

ಇಲ್ಲಿಗೆ ಮುಗೀತು ಅಂತ ಏಳಬ್ಯಾಡ್ರಿ, ಕುಂದರ್ರಿ, ಕುಂದರ್ರಿ! ಫಕೀರವ್ವ ಕೋಲು ತಂದು ದೇಸಾಯರ ಮುಂದ ಇಟ್ಲು. ಯಾಕವಾ ಅಂದ್ರ, ಹೊಗಿ ಇಲ್ಲದ ಬಾರಿಸಿದ್ದು ಖರೇ, ನಿನ್ನಿ ಕಟ್ಟಳೆ ನಿನ್ನಿಗೆ ಇತ್ತಲಾ, ನನಗೊಂದು ಬ್ಯಾರೆ ಕಟ್ಟಳೆ ಮಾಡಿದ್ರ ಅದೂ ಬಿಲ್ಲೆನ ಆತು ಅಂದ್ಲು. ದೇಸಾಯರ ಕಣ್ಣಾಗ ನೀರು ಬಂದ್ವಂತ. ಹಂಗಾರ ಕೋಲು ಯಾವ ಮನೆತನಕ್ಕ ಕೊಡೂಣು ಅಂತ ಅಕಿಗೇ ಕೇಳಿದ್ರು.

"ಯಾರಿಗೂ ಬ್ಯಾಡ್ರೀ. ಅಗಸಿಗೆ ಕಟ್ರಿ. ಕೂಸಿನ ಕೈಗೂ ನಿಲಕಬೇಕು, ಅಷ್ಟು ಕೆಳಗ ಕಟ್ರಿ."

ಹಂಗ ಕಟ್ಟಿದ್ರು. ಕೋಲು ಬಿಟ್ಲು, ಊರು ಬಿಡಾಕ ಮಾತ್ರ ಮಂದಿ ಅಕಿನ್ನ ಬಿಡಲಿಲ್ಲ. ನಗಾರಿನೂ ಹುಡೇವಿಂದ ಇಳಿಸಿ ಅಗಸಿ ಬಾಜೂಕ ಇಟ್ರು. ಫಕೀರವ್ವ ಕಡೀತನಕ ಅದರ ಪಕ್ಕದಾಗ ಕುಂತು ಹೋಗಿಬರೋರನ್ನೆಲ್ಲಾ, ಆರಾಮ ಅದೀಯೇನು, ಮಾರಿ ಯಾಕ ಬಾಡೈತಿ ಅಂತ ಕೇಳ್ತಿದ್ಲಂತ. ಅಕಿ ತೀರಿದಾಗ ಯಾರೂ ನಗಾರಿ ಬಾರಿಸಲಿಲ್ಲ ಅಂತಾರ, ಆದ್ರೂ ಇಡೀ ಊರು ಚರಿಗಿ ನೀರು ಹಿಡಕೊಂಡು ಬಂದು ನಿಂತಿತ್ತಂತ. ಆರಿತು ಅನ್ನಾಕ ಅಕಿ ಇದ್ದಿಲ್ಲ. ಅದಕ್ಕ ಯಾರಿಗೂ ಹೊಳ್ಳಿ ಹೋಗಾಕ ಆಗಲಿಲ್ಲಂತ. ಕಡೀಕ ಲಕುಮಿ ಕೂಸು, ಅಷ್ಟರಾಗ ಅಕಿ ದೊಡ್ಡಾಕಿ ಆಗಿದ್ಲು, ಅಕಿ ಅಳಕೋತ ಅಂದ್ಲಂತ ಆ ಮಾತು.

ಈಗೂ ಹೋಗಿ ನೋಡ್ರಿ ಹುಡೇದಕೊಪ್ಪಕ್ಕ. ಅಗಸಿಯಾಗ ಕೋಲು ಜೋತಾಡ್ತಾವು, ಹಿಡದು ಹಿಡದು ನುಣ್ಣಗಾಗ್ಯಾವು. ಹೊಸಾ ಸೊಸಿ ಬಂದ್ರ ಮೊದಲ ಆ ಕೋಲು ಮುಟ್ಟಿಸ್ತಾರ, ಇದು ನಿಂದೂ ಹೌದವಾ ಅಂತಾರ. ಊರಿಗೆ ಹೊಸಾ ಡಾಕ್ಟರ್ ಬಂದ್ರ ಅವರ ಕೈಲೆ ನಗಾರಿ ಬಾರಿಸಸ್ತಾರ. ಮಂದಿ ಚರಿಗಿ ಹಿಡಕೊಂಡು ಓಡಿ ಬರೋದು ನೋಡಿ ಡಾಕ್ಟರ್ ಗಾಬರಿ ಆಗ್ತಾರ! ಯಾರ ಮನ್ಯಾಗರ ಜಡ್ಡಾದ್ರ ಓಣಿಯವರು ಒಂದೊಂದು ಚರಿಗಿ ನೀರು ತಂದು ಬಾಗಿಲ ಮುಂದ ಇಟ್ಟು ಕುಂದರ್ತಾರ. ಯಾಕ ನೀರು ಅಂತ ಸಣ್ಣ ಹುಡುಗರಿಗೆ ಕೇಳ್ರಿ, ಗೊತ್ತಿಲ್ಲ ಅಂತಾವು. ಆದ್ರ ಒಳಗಿಂದ ಯಾರಾರ ಬಂದು "ಆರಿತು" ಅನ್ನೋತನಕ ಆ ಹುಡುಗರೂ ಎದ್ದು ಹೋಗಂಗಿಲ್ಲ.