ಎರಡನೆಯ ವೈದ್ಯ

"ಮೇಡಂ, ನೀವು ನೋಡಿ ಆದಮೇಲೆ ನಾನು ಮತ್ತೆ ನೋಡುವುದೇನಿದೆ? ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕೆಂದು ಕಾನೂನು ಯಾಕೆ ಹಟ ಹಿಡಿಯುತ್ತದೆ?"

ಹೀಗೆ ಕೇಳಿದ ಇಂದುಧರ ಮನೋವೈದ್ಯನಾಗಲು ಕಲಿಯುತ್ತಿದ್ದವನು. ಪಕ್ಕದ ಕೋಣೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವಳಿಗೆ ಆಸ್ಪತ್ರೆಯಲ್ಲಿರಲು ಮನಸ್ಸಿಲ್ಲ. ಇರಿಸಿಕೊಳ್ಳಲೇಬೇಕೆಂದು ಗುರು ನೀಲಾಂಬಿಕೆ ಆಗಲೇ ಸಹಿ ಮಾಡಿದ್ದರು. ಇವನೂ ಸಹಿ ಹಾಕಿದರೆ ಅವಳು ಬೇಡವೆಂದರೂ ಬಾಗಿಲು ಮುಚ್ಚುತ್ತದೆ. ಗುರುಗಳ ಮೇಲೆ ಇವನಿಗೆ ಬೆಟ್ಟದಷ್ಟು ನಂಬಿಕೆ. ಪೆನ್ನು ಕೈಯಲ್ಲೇ ಇತ್ತು.

"ಅಬ್ಬಬ್ಬಾ, ಎಂಥ ಭಕ್ತಿ! ಕೂತುಕೊಳ್ಳಪ್ಪ," ಎಂದು ನಕ್ಕು ನೀಲಾಂಬಿಕೆ ಕತೆ ಶುರುಮಾಡಿದರು.

"ಒಬ್ಬ ರಾಜ ಒಂದು ಕಟ್ಟಳೆ ಮಾಡಿದ್ದ. ಮನಸ್ಸಿನ ಕಾಯಿಲೆಯವರನ್ನು ಒಪ್ಪಿಗೆಯಿಲ್ಲದೆ ಕೂಡಿಹಾಕಬೇಕಾದರೆ ಇಬ್ಬರು ವೈದ್ಯರು ಒಬ್ಬೊಬ್ಬರಾಗಿ ನೋಡಿ ಹೂಂ ಅನ್ನಬೇಕು. ಆ ಊರಿನ ಹಿರಿಯ ವೈದ್ಯನ ಮಾತಿಗೆ ರಾಜನೂ ಎದುರಾಡುತ್ತಿರಲಿಲ್ಲ.

ಒಬ್ಬ ವ್ಯಾಪಾರಿ ತನ್ನ ತಮ್ಮನನ್ನು ಕರೆತಂದ. ಅನ್ನದಲ್ಲಿ ಯಾರೋ ವಿಷ ಬೆರೆಸುತ್ತಿದ್ದಾರೆಂದು ತಮ್ಮ ಊಟ ಬಿಟ್ಟಿದ್ದ. ಹಾಗೇ ಬಿಟ್ಟರೆ ಸಾಯುವುದು ಖಂಡಿತ. ಹಿರಿಯ ವೈದ್ಯ ನೋಡಿ, ಕೂಡಿಹಾಕಿ ಎಂದ. ಎರಡನೆಯ ವೈದ್ಯ ಅವನದೇ ಶಿಷ್ಯ. ಒಳಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ದೊಡ್ಡವರು ಹೇಳಿದ ಮೇಲೆ ಇವನದೇನು ಅಧಿಕಪ್ರಸಂಗ ಎಂದು ವ್ಯಾಪಾರಿ ಗೊಣಗಿದ.

ಕೊನೆಗೆ ಶಿಷ್ಯ ಹೊರಗೆ ಬಂದು ಕೈಮುಗಿದ. 'ಕಾಯಿಲೆ ನೀವು ಹೇಳಿದ್ದೇ, ಗುರುಗಳೇ. ಆದರೆ ಬೀಗ ಬೇಡ. ಇಲ್ಲಿರುತ್ತೀಯಾ ಎಂದು ಕೇಳಿದೆ. ತನ್ನ ಅನ್ನ ತಾನೇ ಬೇಯಿಸಿಕೊಳ್ಳಲು ಬಿಟ್ಟರೆ ಇರುತ್ತಾನಂತೆ.'

ಹಿರಿಯ ವೈದ್ಯ ಸಿಟ್ಟಾಗಲಿಲ್ಲ. 'ಛೆ, ನಾನು ಅದನ್ನು ಕೇಳಲೇ ಇಲ್ಲವಲ್ಲ!' ಎಂದವನೇ ಅಂಗಳಕ್ಕೆ ಹೋಗಿ, ತನ್ನ ಕೈಯಾರೆ ಕಲ್ಲು ಹೂಡಿ ಒಲೆ ಮಾಡಿಕೊಟ್ಟ. ಸಂಜೆ ಹೊತ್ತಿಗೆ ರೋಗಿ ಗಂಜಿ ಕುಡಿದ. ಆ ಮುದುಕನಿಗೆ ಎಷ್ಟು ಕೈಮುಗಿದರೂ ಸಾಲದು. ಶಿಷ್ಯನಂತೂ ಅವನಿಗಿಂತ ಒಂದು ಕೈ ಮೇಲು!"

ಇಂದುಧರನಿಗೆ ಕತೆ ಹಿಡಿಸಿತು. ಆದರೂ ಅವನು ಬಿಡಲಿಲ್ಲ.

"ಆ ಗುರು ಒಂದು ಮಾತು ಕೇಳಲು ಮರೆತಿದ್ದ. ನೀವು ಮರೆಯುವವರಲ್ಲ, ಮೇಡಂ."

ನೀಲಾಂಬಿಕೆಯ ಮುಖದಲ್ಲಿ ನಗು ಉಳಿಯಲಿಲ್ಲ.

"ಒಳಗಿರುವ ಆಕೆಯ ವಿಷಯದಲ್ಲಿ ನನ್ನದು ತಪ್ಪಾಗಿದ್ದರೆ, ಆಕೆಗೆ ಉಳಿದಿರುವುದು ನೀನೊಬ್ಬನೇ ಕಣಪ್ಪ."

ಇಂದುಧರ ಪೆನ್ನನ್ನು ಮೇಜಿನ ಮೇಲೆ ಬಿಟ್ಟು ಪಕ್ಕದ ಕೋಣೆಗೆ ನಡೆದ.