ಚಿಗುರಿದ ಸಿಮೆಂಟು ಬೊಡ್ಡೆ

“ಗುರುಗಳೇ, ಊರಿನವರೆಲ್ಲ ನನ್ನನ್ನು ಶಾಂತಮೂರ್ತಿ ಎಂದು ನಂಬಿದ್ದಾರೆ. ಒಳಗೆ ಸಿಟ್ಟು ಕುದಿಯುತ್ತಿದ್ದರೂ ಅವರೆದುರು ನಗುತ್ತಲೇ ಇರುತ್ತೇನೆ. ಮನೆಗೆ ಹೋದ ಮೇಲೆ ಹೆಂಡತಿಯ ಮೇಲೆ ಒಂದಿಷ್ಟು ರೇಗುತ್ತೇನೆ, ಅದಿರಲಿ ಬಿಡಿ. ಜನರ ನಂಬಿಕೆ ಉಳಿಸಿಕೊಳ್ಳುವುದು ತಪ್ಪೇ?” ಎಂದು ಶಿಷ್ಯನೊಬ್ಬ ಕೇಳಿದ.

ಹೋದ ಸಲವೂ ಅವನು ಇದನ್ನೇ ಕೇಳಿದ್ದ. ಗುರುಗಳಿಗೆ ಬೇಸರ ಬಂತು. ಹೇಳಿದ್ದನ್ನೇ ಹೇಳಿ ಬಾಯಿ ನೋಯುತ್ತದೆ, ಕತೆಯನ್ನಾದರೂ ಕೇಳು ಎಂದು ಶುರುಮಾಡಿದರು.

ಒಬ್ಬ ವ್ಯಾಪಾರಿ ತನ್ನ ಕೈತೋಟದಲ್ಲಿ ಸಿಮೆಂಟಿನ ಮರದ ಬೊಡ್ಡೆಯೊಂದನ್ನು ಮಾಡಿಸಿದ. ಮಾಡಿದವನು ಕೆಲಸ ಬಲ್ಲವನು. ತೊಗಟೆ, ಗಂಟು, ಬಿರುಕು, ಪೊಟರೆ ಎಲ್ಲವನ್ನೂ ಮರದ್ದೇ ಅನ್ನುವ ಹಾಗೆ ತಿದ್ದಿದ. ಪಕ್ಕದಲ್ಲಿ ನಿಜವಾದ ನೇರಳೆ ಮರವೊಂದಿತ್ತು. ವ್ಯಾಪಾರಿಯ ಹೆಂಡತಿ ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟು ಬೆಳೆಸಿದ್ದು. ಮಧ್ಯಾಹ್ನ ಅವಳು ಕೂರುತ್ತಿದ್ದುದು ಅದರ ನೆರಳಲ್ಲೇ.

ಒಂದು ದಿನ ನೆಂಟನೊಬ್ಬ ಬಂದ. ಸಿಮೆಂಟನ್ನು ಮರವೆಂದೇ ತಿಳಿದು, ನಿಮ್ಮ ಕೈಗುಣಕ್ಕೆ ಈ ಒಣಬೊಡ್ಡೆ ಚಿಗುರಿದರೂ ಚಿಗುರೀತು ಎಂದು ಹೊಗಳಿದ. ಇದು ಸಿಮೆಂಟು ಮಾರಾಯ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಪುಣ್ಯಾತ್ಮ ಹೇಳಲಿಲ್ಲ. ನೆಂಟ ಮತ್ತೆ ಬರುವ ಹೊತ್ತಿಗೆ ನೇರಳೆಯ ಎಳೆ ಕೊಂಬೆಯೊಂದನ್ನು ಕಡಿದು ಬಿರುಕಿನಲ್ಲಿ ಸಿಕ್ಕಿಸಿಟ್ಟಿದ್ದ. ಸುದ್ದಿ ಹಬ್ಬಿತು. ಒಣಬೊಡ್ಡೆ ಚಿಗುರಿಸಿದವನನ್ನು ನೋಡಲು ಜನ ಬರತೊಡಗಿದರು. ಸಿಕ್ಕಿಸಿದ ಕೊಂಬೆ ಸಂಜೆಗೆ ಬಾಡುತ್ತಿತ್ತು. ಬೆಳಿಗ್ಗೆ ಇನ್ನೊಂದನ್ನು ಕಡಿಯಬೇಕಾಗುತ್ತಿತ್ತು.

ಹೆಂಡತಿ ಬೇಡವೆಂದಳು, ಜಗಳವಾಡಿದಳು, ಕಡೆಗೆ ಕತ್ತಿಯನ್ನೇ ಬಚ್ಚಿಟ್ಟಳು. ಅವನು ಹೊಸದು ತಂದ.

“ರೀ, ಆ ಸಿಮೆಂಟಿಗೆ ಸೊಪ್ಪು ಸಿಕ್ಕಿಸಿ ನಿಮಗೇನಾಗಬೇಕು? ಇದು ಜೀವ ಇರೋ ಮರ” ಎಂದು ಅತ್ತಳು.

“ಜನ ನಂಬಿದ್ದಾರೆ ಕಣೇ” ಎಂದ ವ್ಯಾಪಾರಿ.

ನಂಬಿದ್ದಾರಂತೆ. ಆ ನಂಬಿಕೆಗಿಷ್ಟು ಬೆಂಕಿ ಹಾಕ. ಮಳೆಗಾಲ ಮುಗಿಯುವಷ್ಟರಲ್ಲಿ ನೇರಳೆ ಬೋಳಾಯಿತು, ಬೇಸಿಗೆಯಲ್ಲಿ ಒಣಗಿ ನಿಂತಿತು. ಅದೇ ನೆಂಟ ಮತ್ತೊಮ್ಮೆ ಬಂದವನು ಸತ್ತ ನೇರಳೆಯತ್ತ ಕೈ ತೋರಿಸಿ, “ಇದನ್ನು ಸಿಮೆಂಟಿನಲ್ಲಿ ಮಾಡಿಸಿದಿರಾ? ಆ ಮರದ ಪಕ್ಕ ಇದು ಒಪ್ಪುವುದಿಲ್ಲ” ಎಂದ. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ರೂಢಿಯಂತೆ ಇನ್ನೂ ನಗುತ್ತಿದ್ದ. ಅವರ ಮುಂದಿನ ಮಾತು ಕೇಳಿದ ಮೇಲೆ ಆ ನಗು ಉಳಿಯಲಿಲ್ಲ.

“ನಿನ್ನ ಮನೆಯ ನೇರಳೆಯಲ್ಲಿ ಇನ್ನೆಷ್ಟು ಕೊಂಬೆ ಉಳಿದಿವೆ, ಹೇಳು.”